ನಾನು ಹೊಡೆದುಹಾಕಿದ 44: ಸಂಶೋಧನಾ ಜಾಲದ ವೇಗ ಅಳೆಯುವ ಸಾಧನ ಕಟ್ಟಿದ ದಾಖಲೆ

ನಾಲ್ಕು ಸಂಶೋಧನಾ ಕೇಂದ್ರಗಳ ನಡುವಿನ ಜಾಲವನ್ನು ಹಗಲಿರುಳು ಅಳೆದು, ಫಲಿತಾಂಶವನ್ನು ಸಂಶೋಧಕರಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ಸಣ್ಣ ಸಾಧನವೊಂದು ಈಗ ನಡೆಯುತ್ತಿದೆ. ಕಟ್ಟಲು 47 ದಿನ ಹಿಡಿಯಿತು. 20 ದಿನದಲ್ಲಿ ಮುಗಿಸಬಹುದಿತ್ತು. ಉಳಿದ 27 ದಿನ ಎಲ್ಲಿ ಹೋದವು ಎಂಬುದೇ ಈ ದಾಖಲೆಯ ಮುಖ್ಯ ಭಾಗ. ಇಂಥದೇ ಕೆಲಸಕ್ಕೆ ಕೈಹಾಕುವವರಿಗೆ ಆ ದಿನಗಳು ಉಳಿಯಲಿ ಎಂದು ದಿನಚರಿ ಪುಸ್ತಕ ನೋಡಿಕೊಂಡು ಬರೆಯುತ್ತಿದ್ದೇನೆ.

ಕೆಲಸಕ್ಕೆ ಕಾರಣವಾದದ್ದು ಒಂದು ದೂರು. ಸೂಕ್ಷ್ಮದರ್ಶಕದ ಚಿತ್ರಗಳೊಂದಿಗೆ ಕೆಲಸ ಮಾಡುವ ತಂಡವೊಂದು 8 ಟೆರಾಬೈಟ್ ದತ್ತಾಂಶವನ್ನು ದೂರದ ಗಣಕ ಕೇಂದ್ರಕ್ಕೆ ಕಳುಹಿಸಲು ಐದೂವರೆ ದಿನ ಕಾದಿತ್ತು. ಲೆಕ್ಕ ಹಾಕಿದರೆ ಸೆಕೆಂಡಿಗೆ 135 ಮೆಗಾಬಿಟ್. ಆ ದಾರಿಯಲ್ಲಿ 10 ಗಿಗಾಬಿಟ್‌ಗಿಂತ ಕಿರಿದಾದ ಕೊಂಡಿ ಒಂದೂ ಇಲ್ಲ. ಸರಾಗವಾಗಿ ಹರಿದರೆ ಎರಡು ಗಂಟೆಯೊಳಗೆ ಮುಗಿಯುವ ಕೆಲಸ. ಜಾಲ ನೋಡಿಕೊಳ್ಳುವವರು ಐದು ನಿಮಿಷದ ಸರಾಸರಿಯ ಗ್ರಾಫ್ ತೋರಿಸಿ, ಕೊಂಡಿಯ ಕಾಲುಭಾಗವೂ ತುಂಬಿಲ್ಲ ಎಂದರು. ಅದೂ ನಿಜವೇ. ತಂಡದ ಸಂಶೋಧಕಿ ನನ್ನನ್ನು ಕೇಳಿದ್ದು ಇಷ್ಟೇ: "ಎಲ್ಲವೂ ಸರಿಯಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಹಾಗಾದರೆ ನನ್ನ ಕಡತಗಳು ಏಕೆ ತಲುಪುತ್ತಿಲ್ಲ?" ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಸಾಧನ ನಮ್ಮಲ್ಲಿ ಇರಲಿಲ್ಲ.

ಕೈಯಲ್ಲಿದ್ದ ಸಾಮಗ್ರಿ

ಸೇವೆಯಿಂದ ಬಿಡುಗಡೆಯಾದ, ಎರಡು ಪ್ರೊಸೆಸರ್‌ಗಳ ಮೂರು ಸರ್ವರ್‌ಗಳು. ಪ್ರತಿಯೊಂದರಲ್ಲೂ ಒಂದು 10 ಗಿಗಾಬಿಟ್ ಕಾರ್ಡ್. ನಾಲ್ಕನೆಯ ಕೇಂದ್ರ ಕೊಟ್ಟದ್ದು ಒಂದು ವರ್ಚುವಲ್ ಯಂತ್ರ ಮಾತ್ರ, ಅಂದರೆ ಇನ್ನೊಂದು ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಯಂತ್ರ. ಇವನ್ನು ಕ, ಖ, ಗ, ಘ ಎಂದು ಕರೆಯುತ್ತೇನೆ. ಕ ಎಂದರೆ ಸೂಕ್ಷ್ಮದರ್ಶಕ ಇರುವ ಕೇಂದ್ರ. ಖ ಹತ್ತಿರದ ಶೇಖರಣಾ ಕೇಂದ್ರ, ಹೋಗಿಬರಲು 0.4 ಮಿಲಿಸೆಕೆಂಡ್. ಗ ದೂರದ ಗಣಕ ಕೇಂದ್ರ, 62 ಮಿಲಿಸೆಕೆಂಡ್. ಘ ವರ್ಚುವಲ್ ಯಂತ್ರ, 35 ಮಿಲಿಸೆಕೆಂಡ್. ಮೂರು ಸರ್ವರ್‌ಗಳಲ್ಲೂ ಲಿನಕ್ಸ್. ಹೊಸದಾಗಿ ಏನನ್ನೂ ಕೊಳ್ಳಲಿಲ್ಲ. ಖರ್ಚಾದದ್ದು ಸಮಯ ಮತ್ತು ಅಳತೆಗೆಂದು ಹರಿಸಿದ ದತ್ತಾಂಶ. ಎರಡರ ಲೆಕ್ಕವನ್ನೂ ಮುಂದೆ ಕೊಟ್ಟಿದ್ದೇನೆ.

ದಿನ 1

ಮೊದಲು ಕೈಯಾರೆ ಅಳೆದೆ. ದೂರದ ಯಂತ್ರದೊಂದಿಗೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ಕ ಯಂತ್ರದಿಂದ ಗ ಯಂತ್ರಕ್ಕೆ ಒಂದು ದೊಡ್ಡ ಕಡತ ಕಳುಹಿಸಿದೆ: 255 ಮೆಗಾಬಿಟ್. ಜಾಲದ ವೇಗ ಇಷ್ಟೇ ಎಂದು ಬರೆದುಕೊಂಡೆ. ಇದು ಮೊದಲ ತಪ್ಪು. ಎಸ್‌ಎಸ್‌ಎಚ್ ತನ್ನೊಳಗೇ ಸುಮಾರು 2 ಮೆಗಾಬೈಟ್‌ನ ಕಿಟಕಿ ಇಟ್ಟುಕೊಂಡಿರುತ್ತದೆ. ಅಷ್ಟು ಕಳುಹಿಸಿದ ಮೇಲೆ ಆಚೆಯಿಂದ ಒಪ್ಪಿಗೆ ಬರುವವರೆಗೆ ಕಾಯುತ್ತದೆ. 62 ಮಿಲಿಸೆಕೆಂಡಿಗೆ 2 ಮೆಗಾಬೈಟ್ ಎಂದರೆ 270 ಮೆಗಾಬಿಟ್. ಅದರಾಚೆ ಹೋಗಲು ಸಾಧ್ಯವೇ ಇಲ್ಲ. ನಾನು ಅಳೆದದ್ದು ಜಾಲವನ್ನಲ್ಲ, ಎಸ್‌ಎಸ್‌ಎಚ್ ಕಿಟಕಿಯನ್ನು.

ಮಧ್ಯಾಹ್ನ ಐಪರ್ಫ್3 ಹಿಡಿದೆ. ಇದು ಡಿಸ್ಕ್ ಮುಟ್ಟದೆ, ಮೆಮೊರಿಯಿಂದ ಮೆಮೊರಿಗೆ ದತ್ತಾಂಶ ಹರಿಸಿ ಅಳೆಯುತ್ತದೆ. ಕ ಯಂತ್ರದಿಂದ ಹತ್ತಿರದ ಖ ಯಂತ್ರಕ್ಕೆ 9.41 ಗಿಗಾಬಿಟ್. ಈ 9.41 ಆಕಸ್ಮಿಕವಲ್ಲ. ಜಾಲದಲ್ಲಿ ದತ್ತಾಂಶ ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಹೋಗುತ್ತದೆ. 1500 ಬೈಟ್‌ನ ಪ್ಯಾಕೆಟ್‌ನಲ್ಲಿ ನಮ್ಮ ದತ್ತಾಂಶಕ್ಕೆ ಸಿಗುವುದು 1448 ಬೈಟ್, ತಂತಿಯ ಮೇಲೆ ಅದು ಹಿಡಿಯುವ ಜಾಗ 1538 ಬೈಟ್. ಭಾಗಿಸಿದರೆ ಶೇಕಡಾ 94.1. ಎರಡೂ ಯಂತ್ರಗಳು ಆರೋಗ್ಯವಾಗಿವೆ ಎಂಬುದಕ್ಕೆ ಈ ಅಂಕಿ ಸಾಕ್ಷಿ.

ಆಮೇಲೆ ಕ ಯಂತ್ರದಿಂದ ದೂರದ ಗ ಯಂತ್ರಕ್ಕೆ ಮೂರು ಸಲ: 398 ಮೆಗಾಬಿಟ್, 44 ಮೆಗಾಬಿಟ್, 398 ಮೆಗಾಬಿಟ್. ಪಿಂಗ್ ಎಂಬ ಸಣ್ಣ ಪರೀಕ್ಷಾ ಪ್ಯಾಕೆಟ್‌ಗಳನ್ನು ಕಳುಹಿಸಿದೆ, ಸಾವಿರದಲ್ಲಿ ಒಂದೂ ಕಳೆಯಲಿಲ್ಲ. ನಡುವೆ ಬಂದ 44 ಯಾವುದೋ ಕ್ಷಣಿಕ ತೊಂದರೆ ಎಂದು ತೀರ್ಮಾನಿಸಿ, ಪುಸ್ತಕದಲ್ಲಿ ಅದರ ಮೇಲೆ ಗೆರೆ ಎಳೆದೆ. ಗೆರೆಯ ಪಕ್ಕದಲ್ಲಿ "ಪರಿಗಣಿಸುವುದು ಬೇಡ" ಎಂದು ಬರೆದ ಅಕ್ಷರಗಳು ಇವತ್ತಿಗೂ ಹಾಗೆಯೇ ಇವೆ. ಇಡೀ ಕೆಲಸದ ಉತ್ತರ ಆ ಗೆರೆಯ ಕೆಳಗಿತ್ತು.

ದಿನ 2 ರಿಂದ 11: ನನ್ನದೇ ವೇಳಾಪಟ್ಟಿ

ಅಳತೆಗಳು ತಾವಾಗಿಯೇ ನಡೆಯಬೇಕು. ನಾಲ್ಕು ಯಂತ್ರಗಳೆಂದರೆ, ಹೋಗುವುದನ್ನೂ ಬರುವುದನ್ನೂ ಬೇರೆಬೇರೆಯಾಗಿ ಎಣಿಸಿದಾಗ, 12 ಜೋಡಿಗಳು. ಪ್ರತಿ ಯಂತ್ರದಲ್ಲೂ ಗೊತ್ತಾದ ಹೊತ್ತಿಗೆ ಕೆಲಸ ಆರಂಭಿಸುವ ಕ್ರಾನ್ ಮೂಲಕ ಗಂಟೆಗೊಮ್ಮೆ ಐಪರ್ಫ್3 ಓಡಿಸಿ ಫಲಿತಾಂಶವನ್ನು ಒಂದೆಡೆ ಸೇರಿಸುವ ಪೈಥಾನ್ ಕಾರ್ಯಕ್ರಮ ಬರೆದೆ.

ಐಪರ್ಫ್3 ಸರ್ವರ್ ಒಮ್ಮೆಗೆ ಒಂದೇ ಪರೀಕ್ಷೆ ನಡೆಸುತ್ತದೆ. ಎರಡನೆಯವರು ಬಂದರೆ ಬಿಡುವಿಲ್ಲ ಎಂದು ಹೇಳಿ ಕಳುಹಿಸುತ್ತದೆ. ಎಲ್ಲ ಯಂತ್ರಗಳೂ ಗಂಟೆ ಹೊಡೆದ ಕ್ಷಣದಲ್ಲೇ ಎದ್ದು ಕೂರುತ್ತಿದ್ದುದರಿಂದ ಮೂರನೆಯ ಒಂದು ಪಾಲು ಪರೀಕ್ಷೆಗಳು ಹೀಗೆ ಬಿದ್ದುಹೋದವು. ಬೇರೆಬೇರೆ ಪೋರ್ಟ್‌ಗಳಲ್ಲಿ (ಯಂತ್ರದ ಸಂಖ್ಯೆ ಹಾಕಿದ ಬಾಗಿಲುಗಳಲ್ಲಿ) ಇನ್ನಷ್ಟು ಸರ್ವರ್‌ಗಳನ್ನು ತೆರೆದೆ. ಆಗ ಪರೀಕ್ಷೆಗಳು ಒಂದರ ಮೇಲೊಂದು ಬಿದ್ದವು. ಖ ಯಂತ್ರಕ್ಕೆ ಹತ್ತಿರದಿಂದ ಬರುವ ಹರಿವು ದೂರದ ಘ ಯಂತ್ರದಿಂದ ಬರುವ ಹರಿವನ್ನು ತುಳಿದುಹಾಕಿತು: 700 ಮೆಗಾಬಿಟ್ ಇರಬೇಕಾದಲ್ಲಿ 90. ಜಾಲದಲ್ಲಿ ದಟ್ಟಣೆ ಇದೆ ಎಂದು ಒಂದು ಇಡೀ ದಿನ ನಂಬಿದ್ದೆ; ದಟ್ಟಣೆ ನಾನೇ ಉಂಟುಮಾಡಿದ್ದು. ಒಮ್ಮೆಗೆ ಒಂದೇ ಪರೀಕ್ಷೆ ನಡೆಯುವಂತೆ ಬೀಗ ಹಾಕುವ ವ್ಯವಸ್ಥೆ ಸೇರಿಸಿದೆ. ಬೀಗ ಹಿಡಿದ ಪ್ರಕ್ರಿಯೆ ಅರ್ಧದಲ್ಲಿ ಸತ್ತರೆ ಬೀಗ ಹಾಗೆಯೇ ಉಳಿಯುತ್ತಿತ್ತು. ಅದಕ್ಕೊಂದು ಕಾವಲು ಪ್ರಕ್ರಿಯೆ ಬರೆದೆ. ಆ ಕಾವಲಿಗೂ ದೋಷಗಳಿದ್ದವು.

ಹನ್ನೊಂದನೆಯ ದಿನ ಸಂಜೆ 1,140 ಸಾಲುಗಳ ಆ ಕಾರ್ಯಕ್ರಮವನ್ನು ಬಹುತೇಕ ಪೂರ್ತಿ ತೆಗೆದುಹಾಕಿದೆ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದಂತಾಗಿತ್ತು ನನ್ನ ಸ್ಥಿತಿ. ಈ ಸಮಸ್ಯೆಯನ್ನು ಸಂಶೋಧನಾ ಜಾಲಗಳ ಸಮುದಾಯ ನನಗಿಂತ ಎಷ್ಟೋ ಮೊದಲೇ ಬಗೆಹರಿಸಿತ್ತು.

ದಿನ 12 ರಿಂದ 14: ಪರ್ಫ್‌ಸೋನಾರ್

ಪರ್ಫ್‌ಸೋನಾರ್ ಎಂಬುದು ಇಎಸ್‌ನೆಟ್, ಜಿಯಾಂಟ್, ಇಂಟರ್‌ನೆಟ್2 ಎಂಬ ಸಂಶೋಧನಾ ಜಾಲಗಳು, ಇಂಡಿಯಾನಾ ವಿಶ್ವವಿದ್ಯಾಲಯ, ಮಿಷಿಗನ್ ವಿಶ್ವವಿದ್ಯಾಲಯ ಮೊದಲಾದವು ಸೇರಿ ಬೆಳೆಸಿದ, ಜಾಲ ಅಳೆಯುವ ಮುಕ್ತ ತಂತ್ರಾಂಶ. 2017ರಲ್ಲಿ ಬಂದ ಅದರ 4.0 ಆವೃತ್ತಿಯಿಂದ ಪಿಶೆಡ್ಯೂಲರ್ ಎಂಬ ಭಾಗ ವೇಳಾಪಟ್ಟಿಯನ್ನು ನೋಡಿಕೊಳ್ಳುತ್ತದೆ. ವೇಗದ ಪರೀಕ್ಷೆ ನಡೆಯುವಾಗ ಎರಡೂ ತುದಿಗಳನ್ನು ಅದು ಕಾಯ್ದಿರಿಸುತ್ತದೆ. ಇನ್ನೊಂದು ವೇಗದ ಪರೀಕ್ಷೆ ನಡುವೆ ನುಗ್ಗಲು ಬಿಡುವುದಿಲ್ಲ. ವಿಳಂಬದ ಸಣ್ಣ ಪರೀಕ್ಷೆಗಳು ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತವೆ. ಯಾರು ಎಷ್ಟು ಹೊತ್ತು ಪರೀಕ್ಷೆ ನಡೆಸಬಹುದು ಎಂಬ ಮಿತಿಗಳನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಸಾಕು. ಈ ಕಡತವನ್ನು ಮೊದಲ ದಿನವೇ ಬರೆಯಬೇಕು. ತೆರೆದಿಟ್ಟ ಅಳತೆಯಂತ್ರ ಅಪರಿಚಿತರಿಗೂ ತೆರೆದೇ ಇರುತ್ತದೆ.

ನಾಲ್ಕೂ ಯಂತ್ರಗಳಲ್ಲಿ ಅದನ್ನು ಅಳವಡಿಸಲು ಎರಡು ದಿನ ಸಾಕಾಯಿತು. ನನ್ನ ಕೆಲಸದ ಗಡಿಯೂ ಆಗ ಸ್ಪಷ್ಟವಾಯಿತು. ಅಳೆಯುವುದು ಪರ್ಫ್‌ಸೋನಾರ್ ಕೆಲಸ. ಅದರ ಫಲಿತಾಂಶಗಳನ್ನು ತೆಗೆದುಕೊಂಡು, ಸಂಶೋಧಕರಿಗೆ ಒಂದು ಪುಟ, ಜಾಲದ ಎಂಜಿನಿಯರ್‌ಗಳಿಗೆ ಒಂದು ಸಾಕ್ಷ್ಯಪತ್ರ ಕೊಡುವ ಪದರ ಮಾತ್ರ ನಾನು ಬರೆಯಬೇಕಾದದ್ದು.

ದಿನ 15 ರಿಂದ 19: ಯಂತ್ರಗಳ ಹೊಂದಾಣಿಕೆ

ದೂರದ ದಾರಿಯಲ್ಲಿ ಸದಾ 398ಕ್ಕೇ ನಿಲ್ಲುವುದಕ್ಕೆ ಕಾರಣ ಮೊದಲು ಸಿಕ್ಕಿತು. ದತ್ತಾಂಶ ರವಾನೆಯ ನಿಯಮಾವಳಿ ಟಿಸಿಪಿ. ನಮ್ಮ ಕರ್ನೆಲ್‌ನಲ್ಲಿ, ಅಂದರೆ ಲಿನಕ್ಸ್‌ನ ತಿರುಳಿನಲ್ಲಿ, ಟಿಸಿಪಿ ಸ್ವೀಕೃತಿ ಬಫರ್‌ನ (ಬಂದ ದತ್ತಾಂಶ ತಾತ್ಕಾಲಿಕವಾಗಿ ತಂಗುವ ಜಾಗದ) ಗರಿಷ್ಠ ಮಿತಿ 6 ಮೆಗಾಬೈಟ್. ಅದರಲ್ಲಿ ಅರ್ಧ ಕರ್ನೆಲ್‌ನ ಆಂತರಿಕ ಲೆಕ್ಕಕ್ಕೆ ಹೋಗಿ ಕಿಟಕಿಗೆ ಉಳಿಯುವುದು 3. 62 ಮಿಲಿಸೆಕೆಂಡಿಗೆ 3 ಮೆಗಾಬೈಟ್ ಎಂದರೆ 406 ಮೆಗಾಬಿಟ್. ಅಳತೆಗೂ ಲೆಕ್ಕಕ್ಕೂ ತಾಳೆ ಬಿತ್ತು. 10 ಗಿಗಾಬಿಟ್ ದಾರಿಯನ್ನು ತುಂಬಿಸಲು 62 ಮಿಲಿಸೆಕೆಂಡಿನಲ್ಲಿ 77.5 ಮೆಗಾಬೈಟ್ ದಾರಿಯ ಮೇಲಿರಬೇಕು.

ಗ ಯಂತ್ರದ ಸ್ವೀಕೃತಿ ಮಿತಿಯನ್ನು 128 ಮೆಗಾಬೈಟ್‌ಗೆ ಏರಿಸಿದೆ. ವೇಗ 500ರ ಆಸುಪಾಸಿಗೆ ಹೋಗಿ ನಿಂತಿತು. ಕಳುಹಿಸುವ ಕಡೆಯಲ್ಲೂ ಒಂದು ಮಿತಿ ಇದೆ, ಅದು 4 ಮೆಗಾಬೈಟ್‌ನಲ್ಲೇ ಉಳಿದಿದೆ ಎಂಬುದು ಹೊಳೆಯಲು ಅರ್ಧ ದಿನ ಬೇಕಾಯಿತು. ಎರಡೂ ತುದಿಗಳನ್ನು ಸರಿಪಡಿಸಿದ ಮೇಲೆ 8.3 ಗಿಗಾಬಿಟ್.

ಮಾರನೆಯ ದಿನ ಮತ್ತೆ 398. ಜಾಲದವರಿಗೆ ಖಾರವಾಗಿ ಒಂದು ಪತ್ರ ಬರೆದೆ. ಆ ರಾತ್ರಿ ಗ ಯಂತ್ರ ಮರುಚಾಲನೆಯಾಗಿತ್ತು. ನಾನು ಮಿತಿಗಳನ್ನು ಏರಿಸಿದ್ದು ತಾತ್ಕಾಲಿಕ ಆದೇಶದಿಂದ, ಸಂರಚನಾ ಕಡತದಲ್ಲಿ ಬರೆದಿಟ್ಟಿರಲಿಲ್ಲ. ಪತ್ರ ಹಿಂದೆಗೆದುಕೊಂಡು ಕ್ಷಮೆ ಕೇಳಿದೆ. ಅಂದಿನಿಂದ ಪ್ರತಿ ಅಳತೆಯ ಜೊತೆಗೆ ಆ ಕ್ಷಣದಲ್ಲಿ ಎರಡೂ ಯಂತ್ರಗಳ ಬಫರ್ ಮಿತಿ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ), ದಟ್ಟಣೆ ನಿಯಂತ್ರಣದ ವಿಧಾನ, ಕರ್ನೆಲ್ ಆವೃತ್ತಿ ಇವೆಲ್ಲವನ್ನೂ ದಾಖಲಿಸುತ್ತೇನೆ. ಯಂತ್ರ ಯಾವ ಸ್ಥಿತಿಯಲ್ಲಿತ್ತು ಎಂದು ತಿಳಿಯದಿದ್ದರೆ ಅಂಕಿಯನ್ನು ಯಾರ ಮುಂದೆಯೂ ಇಡಲಾಗದು.

ಇನ್ನೊಂದು ತೊಡಕು ಖ ಯಂತ್ರದ್ದು. ಹತ್ತಿರದ ಕ ಯಂತ್ರದೊಂದಿಗೇ ಅದು ಒಮ್ಮೆ 9.41, ಒಮ್ಮೆ 6.2 ತೋರಿಸುತ್ತಿತ್ತು. ಯಂತ್ರದಲ್ಲಿ ಎರಡು ಪ್ರೊಸೆಸರ್. ಜಾಲದ ಕಾರ್ಡ್ ಒಂದಕ್ಕೆ ಅಂಟಿಕೊಂಡಿದೆ. ಐಪರ್ಫ್3 ಇನ್ನೊಂದರ ಮೇಲೆ ಕುಳಿತಾಗ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾಗಿ ದತ್ತಾಂಶ ಎರಡರ ನಡುವಿನ ಸೇತುವೆ ದಾಟಬೇಕಾಗುತ್ತಿತ್ತು. ಪ್ರಕ್ರಿಯೆಯನ್ನು ಕಾರ್ಡ್ ಇರುವ ಪ್ರೊಸೆಸರ್‌ಗೇ ಕಟ್ಟಿಹಾಕಿ, ವಿದ್ಯುತ್ ಉಳಿಸುವ ಸ್ಥಿತಿಯನ್ನು ನಿಲ್ಲಿಸಿದ ಮೇಲೆ 40 ಪರೀಕ್ಷೆಗಳಲ್ಲಿ 40ಕ್ಕೂ 9.41 ಬಂತು.

ಖರ್ಚಿನ ಲೆಕ್ಕವೂ ಇಲ್ಲೇ ಎದುರಾಯಿತು. 10 ಗಿಗಾಬಿಟ್‌ನಲ್ಲಿ 30 ಸೆಕೆಂಡಿನ ಒಂದು ಪರೀಕ್ಷೆ 37.5 ಗಿಗಾಬೈಟ್ ಹರಿಸುತ್ತದೆ. 12 ಜೋಡಿಗಳಿಗೆ 450 ಗಿಗಾಬೈಟ್. ನಾನು ದಿನಕ್ಕೆ ನಾಲ್ಕು ಸುತ್ತು ಇಟ್ಟಿದ್ದೆ: ದಿನಕ್ಕೆ 1.8 ಟೆರಾಬೈಟ್‌ವರೆಗೆ ಹುಸಿ ದತ್ತಾಂಶ, ಅದೂ ಸಂಶೋಧಕರು ತಮ್ಮ ಕಡತಗಳಿಗಾಗಿ ಕಾಯುತ್ತಿರುವ ಅದೇ ದಾರಿಯಲ್ಲಿ. ಬಫರ್ ಚಿಕ್ಕದಿದ್ದಾಗ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. 20 ಸೆಕೆಂಡಿಗೆ ಇಳಿಸಿ, ಹಗಲಿಗೊಂದು ರಾತ್ರಿಗೊಂದು ಎಂದು ದಿನಕ್ಕೆ ಎರಡೇ ಸುತ್ತು ಮಾಡಿದೆ. 600 ಗಿಗಾಬೈಟ್. ಇದೂ ಕಡಿಮೆಯೇನಲ್ಲ.

ದಿನ 20 ರಿಂದ 22: ಗಡಿಯಾರಗಳು

ಓವ್ಯಾಂಪ್ ಎಂಬ ಸಾಧನ ಒಮ್ಮುಖ ವಿಳಂಬವನ್ನು ಅಳೆಯುತ್ತದೆ. ಕಳುಹಿಸಿದ ಹೊತ್ತನ್ನು ಒಂದು ಯಂತ್ರ, ತಲುಪಿದ ಹೊತ್ತನ್ನು ಇನ್ನೊಂದು ಯಂತ್ರ ಬರೆಯುವುದರಿಂದ ಎರಡರ ಗಡಿಯಾರಗಳೂ ಒಪ್ಪಬೇಕು. ಕ ಯಂತ್ರದಿಂದ ಖ ಯಂತ್ರಕ್ಕೆ ನನಗೆ ಸಿಕ್ಕ ವಿಳಂಬ ಮೈನಸ್ 1.8 ಮಿಲಿಸೆಕೆಂಡ್. ಕಳುಹಿಸುವ ಮೊದಲೇ ತಲುಪಿದಂತೆ. ಎರಡೂ ಯಂತ್ರಗಳಲ್ಲಿ ಗಡಿಯಾರ ಹೊಂದಿಸುವ ಕ್ರಾನಿ ಓಡುತ್ತಿತ್ತು, ಆದರೆ ಬೇರೆಬೇರೆ ಸಮಯದ ಸರ್ವರ್‌ಗಳನ್ನು ನಂಬಿಕೊಂಡು. ಹೋಗುವ ದಾರಿಯೂ ಬರುವ ದಾರಿಯೂ ಸಮವಲ್ಲದಿದ್ದರೆ ಆ ವ್ಯತ್ಯಾಸದ ಅರ್ಧ ನೇರವಾಗಿ ಗಡಿಯಾರದ ತಪ್ಪಾಗಿ ಬಂದು ಕೂರುತ್ತದೆ. ಎಲ್ಲ ಯಂತ್ರಗಳಿಗೂ ಒಂದೇ ನಾಲ್ಕು ಸರ್ವರ್‌ಗಳನ್ನು ಕೊಟ್ಟೆ. ಋಣ ಅಂಕಿಗಳು ಹೋದವು.

ಘ ಯಂತ್ರ ಮಾತ್ರ ಹಾದಿಗೆ ಬರಲಿಲ್ಲ. ವರ್ಚುವಲ್ ಯಂತ್ರವನ್ನು ಅದರ ಆಶ್ರಯದಾತ ಯಂತ್ರ ಆಗಾಗ ಬದಿಗಿಡುತ್ತದೆ. ಆ ಕ್ಷಣಗಳಲ್ಲಿ ಬಂದ ಪ್ಯಾಕೆಟ್‌ಗಳು ತಡವಾದಂತೆ, ಕೆಲವೊಮ್ಮೆ ಕಳೆದಂತೆ ಕಾಣುತ್ತವೆ. ವಿಳಂಬದ ಅಳತೆಯಿಂದ ಘ ಯಂತ್ರವನ್ನು ಹೊರಗಿಟ್ಟೆ. ಅಲ್ಲಿನವರಿಗೆ ಕಾರಣ ವಿವರಿಸಿ, ಹಳೆಯದಾದರೂ ಸರಿ, ಒಂದು ನಿಜವಾದ ಸರ್ವರ್ ಕೊಡಿ ಎಂದು ಕೇಳಿದ್ದೇನೆ.

ದಿನ 23 ರಿಂದ 25: ದೊಡ್ಡ ಪ್ಯಾಕೆಟ್‌ಗಳ ಪ್ರಯೋಗ

8.3 ಗಿಗಾಬಿಟ್ ಸಾಲದೆನಿಸಿ, ಕ ಮತ್ತು ಗ ಯಂತ್ರಗಳ ಎಂಟಿಯುವನ್ನು 1500ರಿಂದ 9000ಕ್ಕೆ ಏರಿಸಿದೆ. ಲಾಗಿನ್ ಆಗುತ್ತಿತ್ತು, ಪಿಂಗ್ ಹೋಗುತ್ತಿತ್ತು, ವೇಗದ ಪರೀಕ್ಷೆ ಮಾತ್ರ ಆರಂಭವಾಗಿ ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಒಡೆಯಬಾರದು ಎಂಬ ಗುರುತು ಹಾಕಿ ಪಿಂಗ್ ಕಳುಹಿಸಿದಾಗ 1472 ಬೈಟ್ ದಾಟಿತು, 8972 ದಾಟಲಿಲ್ಲ. ಎರಡಕ್ಕೂ ಶಿರೋಭಾಗದ 28 ಬೈಟ್ ಸೇರಿಸಿಕೊಳ್ಳಬೇಕು. ನಡುವಿನ ಒಂದು ಸ್ವಿಚ್ 1500ರಲ್ಲೇ ಉಳಿದಿತ್ತು. ಪ್ಯಾಕೆಟ್ ದೊಡ್ಡದಾಯಿತು ಎಂಬ ಸಂದೇಶವನ್ನು ರೂಟರ್ ಕಳುಹಿಸುತ್ತದೆ. ಸ್ವಿಚ್ ಸದ್ದಿಲ್ಲದೆ ಬಿಸಾಡುತ್ತದೆ. ಎಲ್ಲವನ್ನೂ 1500ಕ್ಕೆ ಇಳಿಸಿದೆ.

ಇದಕ್ಕಿಂತ ದೊಡ್ಡ ತಪ್ಪು ಇದರ ಹಿಂದೆ ಅಡಗಿತ್ತು. ಮೂರು ದಿನ ಕ ಮತ್ತು ಗ ನಡುವಿನ ಪರೀಕ್ಷೆಗಳೆಲ್ಲ ವಿಫಲವಾಗಿದ್ದವು. ನನ್ನ ಕೋಷ್ಟಕ ಮಾತ್ರ ಆ ಮೂರೂ ದಿನ ಹಸಿರಾಗಿತ್ತು. ಅಂಕಿ ಕೊಡದ ಪರೀಕ್ಷೆಯನ್ನು ನನ್ನ ಕಾರ್ಯಕ್ರಮ ಲೆಕ್ಕಕ್ಕೇ ತೆಗೆದುಕೊಳ್ಳದೆ, ಹಿಂದಿನ ಒಳ್ಳೆಯ ಅಂಕಿಗಳ ಸರಾಸರಿಯನ್ನು ತೋರಿಸುತ್ತಿತ್ತು. ಐಪರ್ಫ್3 ಬಿಡುವಿಲ್ಲ ಎಂದಾಗ ಹತ್ತನೆಯ ದಿನ ಬರೆದ ಸಾಲು ಅದು. ಹಳೆಯದನ್ನೆಲ್ಲ ಅಳಿಸಿದಾಗಲೂ ಅದನ್ನು ಮಾತ್ರ ಉಳಿಸಿಕೊಂಡಿದ್ದೆ. ಅದನ್ನು ಕಂಡಾಗ ನಿಜಕ್ಕೂ ಬೆವರಿದೆ. ಸಂಪೂರ್ಣವಾಗಿ ಮುರಿದ ದಾರಿಯನ್ನು ಚೆನ್ನಾಗಿದೆ ಎಂದು ಹೇಳುವ ಸಾಧನವನ್ನು ಸಂಶೋಧಕರ ಕೈಗೆ ಕೊಡಲು ಹೊರಟಿದ್ದೆ. ವಿಫಲ ಎಂಬುದಕ್ಕೆ ಈಗ ತನ್ನದೇ ಬಣ್ಣವಿದೆ, ಕಾರಣ ಬರೆಯಲು ಜಾಗವಿದೆ, ಅಳತೆ ಬರಲೇ ಇಲ್ಲ ಎಂಬುದಕ್ಕೆ ಇನ್ನೊಂದು ಬಣ್ಣವಿದೆ.

ದಿನ 26 ರಿಂದ 30: ಸಂಶೋಧಕರ ಪುಟ

ಮೊದಲ ಪುಟದಲ್ಲಿ 12 ಚೌಕಗಳು, ಪ್ರತಿಯೊಂದರಲ್ಲೂ ಇಷ್ಟು ಗಿಗಾಬಿಟ್ ಎಂಬ ಸರಾಸರಿ, 5ಕ್ಕಿಂತ ಹೆಚ್ಚಿದ್ದರೆ ಹಸಿರು. ದೂರು ಕೊಟ್ಟ ಸಂಶೋಧಕಿಯನ್ನೇ ಕರೆದು ತೋರಿಸಿದೆ. ಅವರು ಐದು ನಿಮಿಷ ತಾಳ್ಮೆಯಿಂದ ನೋಡಿ, "ನನ್ನ 8 ಟೆರಾಬೈಟ್ ಎಷ್ಟು ಹೊತ್ತಿಗೆ ತಲುಪುತ್ತದೆ ಎಂಬುದು ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ಎಲ್ಲಿಯೂ ಇರಲಿಲ್ಲ.

ಪುಟವನ್ನು ಅವರ ಪ್ರಶ್ನೆಯ ಸುತ್ತಲೇ ಮತ್ತೆ ಕಟ್ಟಿದೆ. ಎಲ್ಲಿಂದ, ಎಲ್ಲಿಗೆ, ಎಷ್ಟು ದತ್ತಾಂಶ ಎಂದು ಮೂರನ್ನು ತುಂಬಿದರೆ ಉತ್ತರ ಗಂಟೆಗಳಲ್ಲಿ ಬರುತ್ತದೆ. ಅವರೇ ಸೂಚಿಸಿದ ಇನ್ನೊಂದು ಸಾಲು ಬಹಳ ಉಪಯೋಗಕ್ಕೆ ಬಂತು: "ನಿಮಗೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು?" ಅವರು ಬರೆದ ಉತ್ತರವೂ ನಮ್ಮ ಅಂದಾಜೂ ಪಕ್ಕಪಕ್ಕದಲ್ಲೇ ಉಳಿಯುತ್ತವೆ. ಅಂದಾಜು ಎರಡೂವರೆ ಗಂಟೆ ಎಂದು ಪುಟ ಹೇಳಿದ ಒಂದು ವರ್ಗಾವಣೆಗೆ ಅವರಿಗೆ ಹಿಡಿದದ್ದು ಎರಡು ದಿನ. ಯಂತ್ರದ ಮಾತಿಗೂ ಮನುಷ್ಯರ ಅನುಭವಕ್ಕೂ ಇಷ್ಟು ಅಂತರ ಇದ್ದಾಗ ಯಂತ್ರವನ್ನೇ ಅನುಮಾನಿಸಬೇಕು ಎಂದು ನಿರ್ಧರಿಸಿದೆ.

ದಿನ 31 ರಿಂದ 37: ಎರಡು ಪಟ್ಟೆಗಳು

ಸರಾಸರಿಯನ್ನು ತೆಗೆದು, ಪ್ರತಿ ಅಳತೆಯನ್ನೂ ಒಂದೊಂದು ಚುಕ್ಕಿಯಾಗಿ ಬಿಡಿಸಿದೆ. ಕ ಯಂತ್ರದಿಂದ ಗ ಯಂತ್ರಕ್ಕೆ ಹೋದ 22 ಚುಕ್ಕಿಗಳಲ್ಲಿ 16 ಮೇಲೆ, 8.3 ಗಿಗಾಬಿಟ್ ಗೆರೆಯ ಮೇಲೆ. 6 ತಳದಲ್ಲಿ, 45 ಮೆಗಾಬಿಟ್ ಹತ್ತಿರ. ನಡುವೆ ಒಂದೂ ಇಲ್ಲ. ಸರಾಸರಿ ಮಾತ್ರ 6.05 ಗಿಗಾಬಿಟ್, ಹಸಿರು. ಆ 6.05ರ ವೇಗವನ್ನು ಯಾವ ಪರೀಕ್ಷೆಯೂ ಒಮ್ಮೆಯೂ ಕಂಡಿರಲಿಲ್ಲ.

ಪುಸ್ತಕದ ಮೊದಲ ಪುಟಕ್ಕೆ ಹಿಂದಿರುಗಿದೆ. 398, 44, 398. ಬಫರ್‌ಗಳನ್ನು ಇಪ್ಪತ್ತು ಪಟ್ಟು ಹಿಗ್ಗಿಸಿದ ಮೇಲೂ ತಳದ ಅಂಕಿ ಕದಲಿರಲಿಲ್ಲ.

ಕಾರಣ ತಿಳಿದುಬಿಟ್ಟಿತು ಎಂದು ಭಾವಿಸಿದ್ದೇ ಮುಂದಿನ ತಪ್ಪು. ಮೊದಲ ನಾಲ್ಕು ಕೆಟ್ಟ ಚುಕ್ಕಿಗಳಲ್ಲಿ ಮೂರು ರಾತ್ರಿಯ ಸುತ್ತಿನವು. ರಾತ್ರಿ ಬ್ಯಾಕಪ್ ನಡೆಯುತ್ತದೆ. ಅದೇ ದಾರಿಯನ್ನು ತುಂಬುತ್ತಿರಬೇಕು ಎಂದುಕೊಂಡೆ. ಬ್ಯಾಕಪ್ ನೋಡಿಕೊಳ್ಳುವವರನ್ನು ಒಪ್ಪಿಸಿ ವೇಳೆ ಬದಲಿಸಿದೆ, ಎರಡು ರಾತ್ರಿ ನಿಲ್ಲಿಸಿಯೂ ನೋಡಿದೆ. ಕೆಟ್ಟ ಚುಕ್ಕಿಗಳು ಹಗಲಿನಲ್ಲೂ ಬಿದ್ದವು. ನಾಲ್ಕು ಚುಕ್ಕಿಗಳಿಂದ ಸಿದ್ಧಾಂತ ಕಟ್ಟಿದ್ದಕ್ಕೆ ಆರು ದಿನ ಹೋದವು, ಇನ್ನೊಬ್ಬರ ಎರಡು ರಾತ್ರಿಯ ಬ್ಯಾಕಪ್ ಕೂಡ.

ದಿನ 38: ಪೋರ್ಟ್ ಸಂಖ್ಯೆ

ಒಳ್ಳೆಯ ಓಟಕ್ಕೂ ಕೆಟ್ಟ ಓಟಕ್ಕೂ ಏನು ಬೇರೆ ಎಂದು ದಾಖಲೆಗಳನ್ನು ಸಾಲುಸಾಲಾಗಿ ಪಕ್ಕದಲ್ಲಿಟ್ಟು ನೋಡಿದೆ. ಯಂತ್ರ, ಬಫರ್, ಎಂಟಿಯು ಎಲ್ಲವೂ ಒಂದೇ. ಬದಲಾಗುತ್ತಿದ್ದುದು ಒಂದೇ ಒಂದು: ಕಳುಹಿಸುವ ಕಡೆಯ ಪೋರ್ಟ್ ಸಂಖ್ಯೆ. ಪ್ರತಿ ಹೊಸ ಸಂಪರ್ಕಕ್ಕೂ ಕರ್ನೆಲ್ ಒಂದು ಹೊಸ ಪೋರ್ಟ್ ಕೊಡುತ್ತದೆ.

ಎರಡು ರೂಟರ್‌ಗಳ ನಡುವೆ ಹಲವು ಎಳೆಗಳನ್ನು ಕಟ್ಟಿ ಒಂದೇ ಹಗ್ಗದಂತೆ ಬಳಸುವುದುಂಟು. ಯಾವ ಹರಿವು ಯಾವ ಎಳೆಯ ಮೇಲೆ ಹೋಗಬೇಕು ಎಂಬುದನ್ನು ಎರಡೂ ತುದಿಗಳ ವಿಳಾಸ ಮತ್ತು ಪೋರ್ಟ್‌ಗಳಿಂದ ಲೆಕ್ಕ ಹಾಕಿ ನಿರ್ಧರಿಸುತ್ತಾರೆ. ಒಂದು ಹರಿವು ಕೊನೆಯವರೆಗೂ ಒಂದೇ ಎಳೆಗೆ ಅಂಟಿಕೊಂಡಿರುತ್ತದೆ.

ಪಿಶೆಡ್ಯೂಲರ್ ವೇಳಾಪಟ್ಟಿಯನ್ನು ತಡೆಹಿಡಿದು, ಜಾಲದವರಿಗೆ ಮೊದಲೇ ತಿಳಿಸಿ, ಐಪರ್ಫ್3ಗೆ ಕಳುಹಿಸುವ ಪೋರ್ಟ್ ಅನ್ನು ನಾನೇ ಗೊತ್ತುಮಾಡಿ 16 ಪೋರ್ಟ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಪ್ರತಿಯೊಂದೂ 30 ಸೆಕೆಂಡ್. ವೇಗ ಸ್ಥಿರವಾಗುವ ಮೊದಲ 10 ಸೆಕೆಂಡನ್ನು ಲೆಕ್ಕದಿಂದ ಬಿಟ್ಟೆ. ಒಟ್ಟು 8 ನಿಮಿಷ. 12 ಪೋರ್ಟ್‌ಗಳಲ್ಲಿ 8.3 ಗಿಗಾಬಿಟ್. 4ರಲ್ಲಿ 45 ಮೆಗಾಬಿಟ್. ಮತ್ತೊಮ್ಮೆ ಓಡಿಸಿದೆ: ಅದೇ ನಾಲ್ಕು. ಮೂರನೆಯ ಸಲವೂ ಅದೇ ನಾಲ್ಕು. ಗ ಯಂತ್ರದಿಂದ ಕ ಯಂತ್ರಕ್ಕೆ ತಿರುಗಿಸಿದಾಗ ಹದಿನಾರೂ ಚೆನ್ನಾಗಿದ್ದವು. ನಾಲ್ಕರಲ್ಲಿ ಒಂದು ಎಳೆ, ಒಂದೇ ದಿಕ್ಕಿನಲ್ಲಿ ಕೆಟ್ಟಿದೆ. ಇಷ್ಟು ದಿನದ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ 8 ನಿಮಿಷಗಳು ಅವು.

ಕೆಟ್ಟ ಓಟದ 20 ಸೆಕೆಂಡಿನಲ್ಲಿ ಸುಮಾರು 77,000 ಪ್ಯಾಕೆಟ್ ಹೋಗಿದ್ದವು, ಮರುರವಾನೆಯಾದದ್ದು 4. ಅಂದರೆ 19,000ಕ್ಕೆ ಒಂದರಂತೆ ನಷ್ಟ. ಇಷ್ಟು ಅಲ್ಪ ನಷ್ಟ 0.4 ಮಿಲಿಸೆಕೆಂಡಿನ ದಾರಿಯಲ್ಲಿದ್ದರೆ ಗಮನಕ್ಕೇ ಬರುತ್ತಿರಲಿಲ್ಲ. 62 ಮಿಲಿಸೆಕೆಂಡಿನ ದಾರಿಯಲ್ಲಿ ಟಿಸಿಪಿ ಪ್ರತಿ ನಷ್ಟದಿಂದ ಚೇತರಿಸಿಕೊಳ್ಳುವುದರೊಳಗೆ ಮುಂದಿನ ನಷ್ಟ ಬಂದುಬಿಡುತ್ತದೆ. ಇಎಸ್‌ನೆಟ್ ಎಂಜಿನಿಯರ್‌ಗಳು ತಮ್ಮ ಜಾಲದ ರೂಟರ್ ಕಾರ್ಡ್ ಒಂದು 22,000 ಪ್ಯಾಕೆಟ್‌ಗಳಿಗೆ ಒಂದನ್ನು ಕಳೆಯುತ್ತಿದ್ದ ಪ್ರಸಂಗವನ್ನು ದಾಖಲಿಸಿದ್ದಾರೆ. ಅದನ್ನು ಹಿಂದೆ ಓದಿದ್ದೆ. ನನ್ನ ಎದುರಿಗೆ ಬಂದಾಗ ಗುರುತಿಸಲಿಲ್ಲ.

ವಿಳಂಬದ ಪರೀಕ್ಷೆ ಇದನ್ನು ಏಕೆ ಹಿಡಿಯಲಿಲ್ಲ ಎಂಬುದೂ ಈಗ ಅರ್ಥವಾಯಿತು. ಓವ್ಯಾಂಪ್ ಸೆಕೆಂಡಿಗೆ 10 ಪ್ಯಾಕೆಟ್ ಕಳುಹಿಸುತ್ತಿತ್ತು. 19,000 ಪ್ಯಾಕೆಟ್ ಆಗಲು ಅರ್ಧ ಗಂಟೆಗೂ ಹೆಚ್ಚು ಬೇಕು. ಅದೂ ಅದರ ಹರಿವು ಕೆಟ್ಟ ಎಳೆಯ ಮೇಲೆ ಬಿದ್ದಿದ್ದರೆ ಮಾತ್ರ. ನಮ್ಮದು ಬಿದ್ದಿರಲಿಲ್ಲ. ಪಿಂಗ್ ಕೂಡ ಹಾಗೆಯೇ.

ದಿನ 39 ಮತ್ತು 40: ದುರಸ್ತಿ

ಜಾಲದ ಎಂಜಿನಿಯರ್‌ಗೆ ಈ ಸಲ ಖಾರದ ಪತ್ರ ಬರೆಯಲಿಲ್ಲ. 16 ಸಾಲುಗಳ ಒಂದು ಕೋಷ್ಟಕ ಕಳುಹಿಸಿದೆ: ಎರಡು ವಿಳಾಸ, ಎರಡು ಪೋರ್ಟ್, ಜಾಗತಿಕ ಸಮಯದಲ್ಲಿ ಆರಂಭದ ಹೊತ್ತು, ವೇಗ, ಮರುರವಾನೆಗಳ ಸಂಖ್ಯೆ. ಅವರು ಒಂದು ಗಂಟೆಯೊಳಗೆ ಫೋನ್ ಮಾಡಿದರು. "ಜಾಲ ನಿಧಾನ ಎಂದು ಬರೆದಿದ್ದರೆ ನಾನು ಎಲ್ಲಿಂದ ಹುಡುಕಬೇಕಿತ್ತು ಹೇಳಿ? ಇದರಲ್ಲಿ ನನಗೆ ಎಳೆಯೇ ಸಿಕ್ಕಿತು" ಎಂದರು.

ನಾಲ್ಕು ಎಳೆಗಳಲ್ಲಿ ಮೂರನೆಯದರ ಸ್ವೀಕೃತಿ ಬದಿಯಲ್ಲಿ ಸಿಆರ್‌ಸಿ ದೋಷಗಳ, ಅಂದರೆ ದಾರಿಯಲ್ಲಿ ಕೆಟ್ಟುಬಂದ ಪ್ಯಾಕೆಟ್‌ಗಳ, ಎಣಿಕೆ ನಿಧಾನವಾಗಿ ಏರುತ್ತಲೇ ಇತ್ತು. ಎಚ್ಚರಿಕೆಯ ಮಿತಿಯನ್ನು ಶೇಕಡಾವಾರು ಇಟ್ಟಿದ್ದರಿಂದ ಶೇಕಡಾ 0.005ರಷ್ಟು ನಷ್ಟ ಅದರ ಕೆಳಗೇ ಉಳಿದಿತ್ತು. ಅವರು ಆ ಎಳೆಯನ್ನು ಸೇವೆಯಿಂದ ತೆಗೆದು, ಫೈಬರ್ ತುದಿಯನ್ನು ಪರೀಕ್ಷಿಸಿ ಒರೆಸಿದರು. ದೋಷಗಳು ಕಡಿಮೆಯಾದವು, ನಿಲ್ಲಲಿಲ್ಲ. ಮಾರನೆಯ ದಿನ ಆಪ್ಟಿಕ್ ಘಟಕವನ್ನೇ ಬದಲಿಸಿದರು. ಎಣಿಕೆ ನಿಂತಿತು. ಹದಿನಾರು ಪೋರ್ಟ್‌ಗಳನ್ನೂ ಮತ್ತೆ ಓಡಿಸಿದೆ: ಹದಿನಾರಕ್ಕೆ ಹದಿನಾರೂ 8.3.

ಆ ರಾತ್ರಿ ಹಳೆಯ ದೂರಿನ ಲೆಕ್ಕವನ್ನೂ ಮಾಡಿ ನೋಡಿದೆ. ಸಂಶೋಧಕರ ನಕಲು ಕಾರ್ಯಕ್ರಮ ಪ್ರತಿ ಕಡತಕ್ಕೂ ಹೊಸ ಸಂಪರ್ಕ ತೆರೆಯುತ್ತಿತ್ತು. ಹಳೆಯ ಬಫರ್‌ಗಳಲ್ಲಿ, ನಾಲ್ಕರಲ್ಲಿ ಮೂರು ಪಾಲು ದತ್ತಾಂಶ 400 ಮೆಗಾಬಿಟ್‌ನಲ್ಲೂ ಒಂದು ಪಾಲು 45ರಲ್ಲೂ ಹೋದರೆ ಒಟ್ಟಾರೆ ವೇಗ 134 ಮೆಗಾಬಿಟ್. ಅವರು ಕಂಡದ್ದು 135.

ದಿನ 41 ರಿಂದ 47: ಸಾಧನದ ಈಗಿನ ರೂಪ

ಹದಿನಾರು ಪೋರ್ಟ್‌ಗಳ ಪರೀಕ್ಷೆ ಈಗ ಸಾಧನದ ಭಾಗ. ಒಂದು ಜೋಡಿಯ ಅತಿ ಕಡಿಮೆ ಅಂಕಿ ಮಧ್ಯದ ಅಂಕಿಯ ಅರ್ಧಕ್ಕಿಂತ ಕೆಳಗಿಳಿದರೆ ಅದು ಆ ರಾತ್ರಿಯೇ ತಾನಾಗಿ ನಡೆದು, ಎಂಜಿನಿಯರ್‌ಗೆ ಕಳುಹಿಸಬಹುದಾದ ಕೋಷ್ಟಕವನ್ನು ಸಿದ್ಧಪಡಿಸುತ್ತದೆ. ಚೌಕದ ಬಣ್ಣ ಬರುವುದು ವಾರದ ಅತಿ ಕಡಿಮೆ ಅಂಕಿಯಿಂದ. ಸರಾಸರಿಯನ್ನು ಪುಟದಿಂದಲೇ ತೆಗೆದಿದ್ದೇನೆ. ಗಂಟೆಗಳ ಅಂದಾಜು ಈಗ ಎರಡು ಅಂಕಿ ಕೊಡುತ್ತದೆ: ಸಾಮಾನ್ಯವಾಗಿ ಇಷ್ಟು, ಕೆಟ್ಟರೆ ಇಷ್ಟು. ಅಳಿಸುವ ಗುಂಡಿ ಎಲ್ಲಿಯೂ ಇಲ್ಲ. ಅನುಮಾನದ ಅಳತೆಗೆ ಟಿಪ್ಪಣಿ ಸೇರಿಸಬಹುದು, ಅಳತೆ ಹಾಗೆಯೇ ಉಳಿಯುತ್ತದೆ. ನಾನು ಬರೆದ ಕಾರ್ಯಕ್ರಮ ಒಟ್ಟು 610 ಸಾಲು.

ಕೇಂದ್ರಗಳು 12 ಆದರೆ ಜೋಡಿಗಳು 132. 20 ಸೆಕೆಂಡಿನ ಪರೀಕ್ಷೆಗಳನ್ನು ಒಂದರ ಹಿಂದೊಂದರಂತೆ ನಡೆಸಿದರೆ ಒಂದು ಸುತ್ತಿಗೆ 44 ನಿಮಿಷ, ಸುಮಾರು 3.3 ಟೆರಾಬೈಟ್. ಈ ರೀತಿ ಅಷ್ಟು ದೂರ ಹೋಗಲಾಗದು. ಎಲ್ಲರೂ ಎಲ್ಲರೊಂದಿಗೆ ಅಳೆಯುವ ಬದಲು ನಿಜವಾಗಿ ದತ್ತಾಂಶ ಹರಿಯುವ ಜೋಡಿಗಳನ್ನಷ್ಟೇ ಆರಿಸಬೇಕಾಗುತ್ತದೆ. ಆ ಪಟ್ಟಿಯನ್ನು ಸಂಶೋಧಕರಿಂದಲೇ ಕೇಳಿ ಬರೆಯುತ್ತಿದ್ದೇನೆ.

ನಲವತ್ತೇಳನೆಯ ದಿನ ಸೂಕ್ಷ್ಮದರ್ಶಕದ ತಂಡ ಮತ್ತೆ 8 ಟೆರಾಬೈಟ್ ಕಳುಹಿಸಿತು. 5 ಗಂಟೆ 44 ನಿಮಿಷ ಹಿಡಿಯಿತು, ಅಂದರೆ 3.1 ಗಿಗಾಬಿಟ್. ಪುಟದ ಅಂದಾಜು ಎರಡು ಗಂಟೆ ಹತ್ತು ನಿಮಿಷವಾಗಿತ್ತು. ಜಾಲದಲ್ಲಿ ಮರುರವಾನೆ ಸೊನ್ನೆ. ಕ ಕೇಂದ್ರದ ಶೇಖರಣೆಯಿಂದ ಓದುವ ವೇಗವೇ 3.1ಕ್ಕೆ ನಿಲ್ಲುತ್ತಿದೆ. ಸಂಶೋಧಕಿ ತಮ್ಮ ಸಾಲಿನಲ್ಲಿ 5 ಗಂಟೆ 44 ನಿಮಿಷ ಎಂದು ಬರೆದಿದ್ದಾರೆ. ಡಿಸ್ಕ್‌ನಿಂದ ಡಿಸ್ಕ್‌ಗೆ ಅಳೆಯುವ ಪರೀಕ್ಷೆಯನ್ನು ನಾಳೆಯಿಂದ ಸೇರಿಸಲು ಆರಂಭಿಸುತ್ತೇನೆ.